ಶುಕ್ರವಾರ ಮಾತ್ರ ಬರುವ ಪ್ರಾಣಿ

ದಾವಣಗೆರೆಯ ಆ ಸೈಬರ್ ಕೆಫೆಯಲ್ಲಿ ಆರು ಕಂಪ್ಯೂಟರ್ ಇದ್ದವು. ಮೂಲೆಯ ಐದನೇದು ನನ್ನದು. ನನ್ನದು ಅಂದರೆ, ಅದನ್ನು ಬೇರೆ ಯಾರೂ ಕೇಳುತ್ತಿರಲಿಲ್ಲ. ಅದರ ಗಡಿಯಾರ ಕೆಟ್ಟಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ಅದು ಒಂದೇ ತಾರೀಖಿಗೆ ಹೋಗಿ ಕೂತುಬಿಡುತ್ತಿತ್ತು. 2002ರ ಜನವರಿ 1, ರಾತ್ರಿ ಹನ್ನೆರಡು. ಬೇಸಿಗೆ ರಜೆಯಲ್ಲಿ ನಮ್ಮ ಕಡೆ ದಿನಕ್ಕೆ ನಾಲ್ಕು ಸಲ ಹೊಸ ವರ್ಷ ಬರುತ್ತಿತ್ತು.

ಮಿಕ್ಕವರಿಗೆ ಇದು ತೊಂದರೆ, ಮೇಲ್ ತೆರೆಯುತ್ತಿರಲಿಲ್ಲ ಅಂತ ಬೈಯುತ್ತಿದ್ದರು. ನನಗೇನು, ನಾನು ಅಲ್ಲಿಗೆ ಹೋಗುತ್ತಿದ್ದದ್ದು ಪೊಕೆಮಾನ್ ಗೋಲ್ಡ್ ಆಡಲು. ಪೊಕೆಮಾನ್ ಅನ್ನುವ ಪ್ರಾಣಿಗಳನ್ನು ಹಿಡಿದು, ಸಾಕಿ, ಕಾದಾಡಿಸುವ ಗೇಮ್‌ಬಾಯ್ ಆಟ ಅದು. ಗೇಮ್‌ಬಾಯ್ ಅನ್ನೋ, ಕೈಯಲ್ಲಿ ಹಿಡಿದು ಆಡುವ ವಸ್ತುವನ್ನು ನಾನು ಕಣ್ಣಲ್ಲಿ ನೋಡಿರಲಿಲ್ಲ. ಕೇಬಲ್‌ನಲ್ಲಿ ಪಿಕಾಚು ಕಾರ್ಟೂನ್ ಬರುತ್ತಿತ್ತು, ಚಿಪ್ಸ್ ಪ್ಯಾಕೆಟ್ಟಿನಲ್ಲಿ ಟಾಜೋ ಸಿಗುತ್ತಿತ್ತು, ಆಟ ಮಾತ್ರ ನಮ್ಮ ಊರಿಗೆ ಬರಲೇ ಇಲ್ಲ. ಬಂದದ್ದು ಆ ಆಟವನ್ನು ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರ್, ಯಾರದೋ ಸಿಡಿಯಲ್ಲಿ. ಎಲ್ಲಿಯವರೆಗೆ ಆಡಿದ್ದೇನೆ ಅಂತ ನೆನಪಿಡುವ ನನ್ನ ಸೇವ್ ಫೈಲು 32 ಕೆಬಿ ಚಿಲ್ಲರೆ. ಅದನ್ನು ಫ್ಲಾಪಿಯಲ್ಲಿ ಹಾಕಿಕೊಂಡು, ಫ್ಲಾಪಿಯನ್ನು ಗಣಿತದ ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡು ಓಡಾಡುತ್ತಿದ್ದೆ.

ಆ ಕಂಪ್ಯೂಟರಿನ ದೆಸೆಯಿಂದ ನನಗೊಂದು ವಿಚಿತ್ರ ನಂಬಿಕೆ ಬೆಳೆದಿತ್ತು. ಆಟ ನಡೆಯುವ ಜೋಟೊ ಅನ್ನುವ ಸೀಮೆಯಲ್ಲಿ ಬೆಳಕೇ ಇಲ್ಲ ಅಂತ. ಎಲ್ಲಿ ಹೋದರೂ ನೀಲಿಗತ್ತಲೆ. ಪೊದೆಯೊಳಗೆ ಕಾಲಿಟ್ಟರೆ ಹೂಟ್‌ಹೂಟ್ ಅನ್ನುವ ಗೂಬೆ. ಮನೆಗಳ ಕಿಟಕಿಯಲ್ಲಿ ಮಾತ್ರ ಹಳದಿ ದೀಪ. ಎಷ್ಟು ಚೆನ್ನಾಗಿ ಮಾಡಿದ್ದಾರೆ, ಪೂರ್ತಿ ರಾತ್ರಿಯಲ್ಲೇ ನಡೆಯುವ ಕಥೆ ಅಂದುಕೊಂಡಿದ್ದೆ. ಒಂದು ದಿನ ಐದನೇ ಕಂಪ್ಯೂಟರ್ ರಿಪೇರಿಗೆ ಹೋಗಿತ್ತು. ಎರಡನೇದರಲ್ಲಿ ಕೂತು ಫ್ಲಾಪಿ ಹಾಕಿದೆ. ಮಧ್ಯಾಹ್ನ ಮೂರು ಗಂಟೆ. ಹುಲ್ಲು ಹಸಿರಾಗಿತ್ತು! ಬಣ್ಣ ಕೆಟ್ಟಿದೆ ಅಂತ ಕೆಫೆಯವರನ್ನು ಕರೆದು ಮಾನಿಟರ್ ತೋರಿಸಿದೆ.

ಪೊಕೆಮಾನ್ ಗೋಲ್ಡ್ ಮತ್ತು ಸಿಲ್ವರ್ ಜಪಾನಿನಲ್ಲಿ ಬಿಡುಗಡೆಯಾದದ್ದು 1999ರ ನವೆಂಬರ್ 21ಕ್ಕೆ. 1996ರ ಫೆಬ್ರವರಿಯಲ್ಲಿ ಬಂದ ರೆಡ್ ಮತ್ತು ಗ್ರೀನ್‌ನ ಮುಂದಿನ ಭಾಗ ಇದು. ಮೊದಲ ಆಟದಲ್ಲಿ 151 ಪ್ರಾಣಿ, ಇದರಲ್ಲಿ ಹೊಸದಾಗಿ 100 ಸೇರಿ 251. ಮೊಟ್ಟೆ ಬಂತು, ಗಂಡು ಹೆಣ್ಣು ಬಂತು, ಡಾರ್ಕ್ ಮತ್ತು ಸ್ಟೀಲ್ ಅನ್ನುವ ಎರಡು ಹೊಸ ಜಾತಿ ಬಂದವು. 8192ರಲ್ಲಿ ಒಂದು ಬೇರೆ ಬಣ್ಣದ್ದು ಹುಟ್ಟುತ್ತದೆ ಅನ್ನುವ ಲಾಟರಿ ಕೂಡ ಬಂತು. ಇದೆಲ್ಲ ಎರಡನೇ ಭಾಗ ಅಂದರೆ ಯಾರಾದರೂ ಮಾಡುವ ಕೆಲಸವೇ, ಅಲ್ವಾ? ಇದ್ದದ್ದಕ್ಕೆ ಇನ್ನಷ್ಟು ಸೇರಿಸುವುದು. ನನ್ನ ತಲೆಗೆ ಹತ್ತಿದ್ದು ಬೇರೆ. ಇವರು ಆಟದೊಳಗೆ ಗಡಿಯಾರ ಇಟ್ಟರು.

ಮಾತಿಗೆ ಹೇಳುತ್ತಿಲ್ಲ, ನಿಜವಾದ ಗಡಿಯಾರ. ಗೇಮ್‌ಬಾಯ್‌ಗೆ ಸಿಕ್ಕಿಸುವ, ಆಟ ತುಂಬಿದ ಕಾರ್ಟ್ರಿಡ್ಜಿನ ಒಳಗೆ ಸೆಕೆಂಡಿಗೆ 32,768 ಸಲ ನಡುಗುವ ಒಂದು ಸಣ್ಣ ಸ್ಫಟಿಕ ಇದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡು. ಕೈಗಡಿಯಾರದಲ್ಲೂ ಇದೇ ಲೆಕ್ಕ. ಗೇಮ್‌ಬಾಯ್ ಆಫ್ ಆಗಿ ಶಾಲೆಯ ಬ್ಯಾಗಿನೊಳಗೆ ಬಿದ್ದಿದ್ದರೂ ಒಳಗೆ ಸಮಯ ಓಡುತ್ತಲೇ ಇರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಆಟದಲ್ಲಿ ಬೆಳಗಾಗುತ್ತದೆ, ಹತ್ತಕ್ಕೆ ಹಗಲು, ಸಂಜೆ ಆರಕ್ಕೆ ರಾತ್ರಿ. ನೀವು ಇರಲಿ, ಬಿಡಲಿ.

ಗಡಿಯಾರ ಬಂದಮೇಲೆ ವಾರವೂ ಬಂತು. ನ್ಯಾಷನಲ್ ಪಾರ್ಕಿನಲ್ಲಿ ಹುಳ ಹಿಡಿಯುವ ಸ್ಪರ್ಧೆ ಮಂಗಳವಾರ, ಗುರುವಾರ, ಶನಿವಾರ ಮಾತ್ರ. ಇಪ್ಪತ್ತು ನಿಮಿಷ, ಎಸೆದು ಹಿಡಿಯಲು ಇಪ್ಪತ್ತು ಬಾಲು, ಅಷ್ಟರಲ್ಲಿ ಒಳ್ಳೆಯದೊಂದನ್ನು ಹಿಡಿದು ತರಬೇಕು. ಈ ಆಟವನ್ನು ಹುಟ್ಟಿಸಿದ ಸತೋಶಿ ತಜಿರಿ ಬೆಳೆದದ್ದು ಟೋಕಿಯೋದ ಹೊರವಲಯದ ಮಚಿದಾದಲ್ಲಿ, ಗದ್ದೆ ಕೆರೆ ಸುತ್ತಿ ಜೀರುಂಡೆ ಹಿಡಿಯುತ್ತ. ಊರು ಬೆಳೆದು ಕೆರೆ ಗದ್ದೆ ಮಾಯವಾದವು. ಎರಡು ಗೇಮ್‌ಬಾಯ್ ಜೋಡಿಸುವ ವೈರನ್ನು ನೋಡಿ, ಇದರ ಮೇಲೆ ಹುಳ ಹರಿದು ಆ ಕಡೆ ಹೋದರೆ ಹೇಗಿರುತ್ತೆ ಅಂತ ಅವರಿಗೆ ಅನ್ನಿಸಿದ್ದೇ ಈ ಆಟದ ಬೀಜ. ಇಡೀ ಸರಣಿಯಲ್ಲಿ ಆ ಹುಡುಗ ಎಲ್ಲಾದರೂ ಕಾಣುವುದಾದರೆ, ಈ ಮಂಗಳವಾರದ ಪಾರ್ಕಿನಲ್ಲೇ ಕಾಣುತ್ತಾನೆ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ವಾರದ ಏಳು ದಿನಕ್ಕೆ ಏಳು ಜನ ಅಣ್ಣತಂಗಿಯರು ಇದ್ದಾರೆ. ಒಬ್ಬೊಬ್ಬರು ಒಂದೊಂದು ದಾರಿಯಲ್ಲಿ, ತಮ್ಮ ವಾರದ ದಿನ ಮಾತ್ರ ನಿಂತಿರುತ್ತಾರೆ. ಸೋಮವಾರಕ್ಕೆ ಮೋನಿಕಾ, ಶುಕ್ರವಾರಕ್ಕೆ ಫ್ರೀಡಾ, ಭಾನುವಾರಕ್ಕೆ ಸನ್ನಿ. ಹುಟ್ಟಿದ ವಾರದ ಹೆಸರಿಡುವುದು ನಮ್ಮಲ್ಲೇನು ಕಮ್ಮಿಯಾ? ನಮ್ಮ ಓಣಿಯಲ್ಲೇ ಒಬ್ಬ ಸೋಮಣ್ಣ, ಒಬ್ಬ ಶನಿಯಪ್ಪ ಇದ್ದರು. ನನಗೆ ಅದರಲ್ಲಿ ಆಶ್ಚರ್ಯವೇ ಅನ್ನಿಸಲಿಲ್ಲ.

ಈಗ ಲ್ಯಾಪ್ರಸ್ ವಿಷಯ. ನೀಲಿ ಮೈ, ಉದ್ದ ಕತ್ತು, ಬೆನ್ನ ಮೇಲೆ ಬೂದು ಚಿಪ್ಪು. ಮನುಷ್ಯರನ್ನು ಕೂರಿಸಿಕೊಂಡು ನೀರು ದಾಟಿಸುವ ಪ್ರಾಣಿ. ಯೂನಿಯನ್ ಕೇವ್ ಅನ್ನುವ ಗುಹೆಯ ತಳದಲ್ಲಿ, ನೀರಿನ ಆಚೆ, ಶುಕ್ರವಾರ ಮಾತ್ರ ಬರುತ್ತದೆ. ಇದು ನನಗೆ ಗೊತ್ತಾದದ್ದು ಯಾರೋ ಪ್ರಿಂಟ್ ತೆಗೆಸಿ ಬಿಟ್ಟುಹೋದ ಹಾಳೆಗಳಿಂದ. ಅವತ್ತಿಂದ ಶುಕ್ರವಾರಕ್ಕೆ ಕಾದೆ. ನಿಜವಾದ ಶುಕ್ರವಾರ ಬರುತ್ತಿತ್ತು, ಅಮ್ಮ ದೇವಸ್ಥಾನಕ್ಕೆ ಹೋಗುತ್ತಿದ್ದರು, ನಾನು ಕೆಫೆಗೆ. ಐದನೇ ಕಂಪ್ಯೂಟರಿನಲ್ಲಿ ಕರೆಂಟ್ ಹೋಗಿ ಬಂದಿರುತ್ತಿತ್ತು. ಆಟದೊಳಗೆ ಮತ್ತದೇ ದಿನ, ಅದೇ ನಡುರಾತ್ರಿ. ಒಂದೊಂದು ಸಲ ಆಟವೇ ಗಡಿಯಾರ ಸರಿಯಿಲ್ಲ, ಸರಿಮಾಡಿ ಅಂತ ಕೇಳುತ್ತಿತ್ತು. ಇಂಗ್ಲಿಷ್ ಅರ್ಥವಾಗದೆ ಎ ಬಟನ್ ಒತ್ತಿ ಮುಂದೆ ಹೋಗುತ್ತಿದ್ದೆ. ಆ ರಜೆಯಲ್ಲಿ ಶುಕ್ರವಾರ ಬರಲೇ ಇಲ್ಲ.

ಅದರ ನಡುವೆ ಒಂದು ಹಸು ಬೇರೆ. ಗೋಲ್ಡನ್‌ರಾಡ್ ಅನ್ನುವ ದೊಡ್ಡ ಊರಿನಲ್ಲಿ ವಿಟ್ನಿ ಅನ್ನುವ ಹುಡುಗಿ ಇದ್ದಾಳೆ, ಕಾದಾಟದಲ್ಲಿ ಅವಳನ್ನು ಸೋಲಿಸಿದರೆ ಒಂದು ಬ್ಯಾಡ್ಜ್. ಅವಳ ಹತ್ತಿರ ಮಿಲ್‌ಟ್ಯಾಂಕ್, ಗುಲಾಬಿ ಬಣ್ಣದ ಹಸು, ಲೆವೆಲ್ 20. ಅದು ಉರುಳಿಕೊಂಡು ಬಂದು ಹೊಡೆಯುತ್ತದೆ. ಒಂದೊಂದು ಉರುಳಿಗೂ ಪೆಟ್ಟು ದುಪ್ಪಟ್ಟು. ಇನ್ನೇನು ಸಾಯಬೇಕು ಅನ್ನುವಾಗ ತನ್ನ ಹಾಲು ತಾನೇ ಕುಡಿದು ಎದ್ದು ಕೂರುತ್ತದೆ. ಹನ್ನೊಂದು ಸಲ ಸೋತೆ. ಲೆಕ್ಕ ಇಟ್ಟಿದ್ದೆ, ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಸೋಲುತ್ತಿದ್ದೆನಲ್ಲ. ಸೋತ ಮೇಲೆ ಗೆದ್ದಾಗ ಆ ಹುಡುಗಿ ಅಳಲು ಶುರುಮಾಡಿ ಬ್ಯಾಡ್ಜ್ ಕೊಡುವುದೇ ಇಲ್ಲ. ಸ್ವಲ್ಪ ಹೊತ್ತು ಕಳೆದು ಮತ್ತೆ ಮಾತಾಡಿಸಬೇಕು.

ದೊಡ್ಡವನಾದ ಮೇಲೆ ಜೋಟೊ ಅಂದರೆ ಜಪಾನಿನ ಕನ್ಸಾಯ್ ಸೀಮೆ ಅಂತ ತಿಳಿಯಿತು. ಗೋಲ್ಡನ್‌ರಾಡ್ ಅಂದರೆ ಒಸಾಕಾ. ಎಕ್ರುಟೀಕ್ ಅಂದರೆ ಕ್ಯೋಟೊ, ಅಲ್ಲಿ ಎರಡು ಗೋಪುರ, ಅದರಲ್ಲೊಂದು ಸುಟ್ಟುಹೋದದ್ದು. ಕ್ಯೋಟೊದ ಚಿನ್ನದ ಮಂಟಪ ಕಿಂಕಾಕುಜಿಗೆ 1950ರಲ್ಲಿ ಬೆಂಕಿ ಬಿದ್ದದ್ದು, 1955ರಲ್ಲಿ ಮತ್ತೆ ಕಟ್ಟಿದ್ದು ಗೊತ್ತಿದ್ದವರಿಗೆ ಅಲ್ಲಿ ಒಂದು ನಿಮಿಷ ಕಾಲು ನಿಲ್ಲುತ್ತದೆ. ನನಗೆ ಇಷ್ಟವಾದದ್ದು ಶುರುವಿನ ಸ್ಪ್ರೌಟ್ ಟವರ್. ನಡುವೆ ಒಂದು ಕಂಬ. ಅದು ಸುಮ್ನೆ ನಿಂತಿರುವುದಿಲ್ಲ, ಎಡಕ್ಕೆ ಬಲಕ್ಕೆ ತೂಗುತ್ತಿರುತ್ತದೆ. ನಾರಾ ಹತ್ತಿರದ ಹೊರ್ಯುಜಿಯಂಥ ಮರದ ಪಗೋಡಗಳಲ್ಲೂ ಹೀಗೇ ನಡುಗಂಬ ಇರುತ್ತದೆ. ಭೂಕಂಪ ಬಂದರೆ ಗೋಪುರ ಮುರಿಯದೆ ಓಲಾಡುವುದರಲ್ಲಿ ಅದರ ಪಾತ್ರವೂ ಇದೆ ಅನ್ನುತ್ತಾರೆ. ಎರಡು ಇಂಚಿನ ಪರದೆಯಲ್ಲಿ ಆ ಕಂಬವನ್ನು ತೂಗಿಸಿದವನಿಗೆ ಯಾರೂ ಹಾಗೆ ಮಾಡು ಅಂತ ಹೇಳಿರಲಿಕ್ಕಿಲ್ಲ.

ಜೋಟೊದ ಎಂಟು ಬ್ಯಾಡ್ಜ್ ಗೆದ್ದು, ಚಾಂಪಿಯನ್ ಲ್ಯಾನ್ಸ್‌ನನ್ನು ಸೋಲಿಸಿದರೆ ಹೆಸರುಗಳು ಮೇಲಕ್ಕೆ ಸರಿಯುತ್ತವೆ. ಮುಗಿಯಿತು ಅಂದುಕೊಳ್ಳುತ್ತೀರಿ. ಮುಗಿದಿಲ್ಲ. ಹಡಗು ಹತ್ತಿದರೆ ಕಾಂಟೊಗೆ ಹೋಗಿ ಇಳಿಯುತ್ತೀರಿ. ಮೊದಲ ಆಟದ ಇಡೀ ಸೀಮೆ, ಇನ್ನೂ ಎಂಟು ಬ್ಯಾಡ್ಜು.

ಇದು ಮೊದಲಿಂದ ಹಾಗಿರಲಿಲ್ಲ. 1997ರಲ್ಲಿ ಗೇಮ್‌ಬಾಯ್ ಮಾಡಿದ ನಿಂಟೆಂಡೊ ಕಂಪನಿಯ ಸ್ಪೇಸ್‌ವರ್ಲ್ಡ್ ಮೇಳದಲ್ಲಿ ಈ ಆಟದ ಮೊದಲ ರೂಪ ತೋರಿಸಿದ್ದರು. ಆ ಡೆಮೊ 2018ರಲ್ಲಿ ಇಂಟರ್ನೆಟ್ಟಿಗೆ ಸೋರಿಕೆಯಾಯಿತು. ಅದರಲ್ಲಿ ನಕ್ಷೆ ಪೂರ್ತಿ ಜಪಾನಿನದು. ಹಳೆಯ ಕಾಂಟೊ ಅದರ ಮೂಲೆಯಲ್ಲಿ ಒಂದೇ ಒಂದು ಊರಾಗಿ ಮುದುಡಿತ್ತು. ಆಮೇಲೆ ಎರಡು ವರ್ಷ ಎಲ್ಲ ಕೆಡವಿ ಕಟ್ಟಿದರು. ಆ ಹೊತ್ತಿಗೆ ಹೊರಗಿನಿಂದ ಕೈ ಜೋಡಿಸಿದವರಲ್ಲಿ ಸತೋರು ಇವಾಟಾ ಒಬ್ಬರು. ಮುಂದೆ ನಿಂಟೆಂಡೊ ಅಧ್ಯಕ್ಷರಾದವರು. ಆಗ ಅವರು ಹಾಲ್ ಲ್ಯಾಬೊರೇಟರಿ ಅನ್ನುವ ಬೇರೊಂದು ಆಟದ ಕಂಪನಿಯ ಮುಖ್ಯಸ್ಥರು, ಆದರೂ ಕೂತು ಕೋಡ್ ಬರೆಯುತ್ತಿದ್ದರು. ಚಿತ್ರಗಳನ್ನು ಒತ್ತಿ ಚಿಕ್ಕದು ಮಾಡುವ ಸಾಧನಗಳನ್ನು ಈ ಆಟ ಕಟ್ಟುತ್ತಿದ್ದವರಿಗೆ ಮಾಡಿಕೊಟ್ಟರು. ಒಬ್ಬರೇ ಕೂತು ಕಾಂಟೊ ಇಡೀ ಕಾರ್ಟ್ರಿಡ್ಜಿನೊಳಗೆ ಹಿಡಿಸಿಬಿಟ್ಟರು ಅಂತ ಅಭಿಮಾನಿಗಳು ಕಥೆ ಬೆಳೆಸಿದ್ದಾರೆ. ಕಥೆಗಿಂತ ಸಾಧನ ಮಾಡಿಕೊಟ್ಟದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ಕಂಪನಿಯ ಯಜಮಾನ ಪಕ್ಕದ ಮನೆಯ ಪಾತ್ರೆಗೆ ಕಲಾಯಿ ಹಾಕಿಕೊಟ್ಟ ಹಾಗೆ.

ಹಿಡಿಸುವಾಗ ಬಿಟ್ಟದ್ದೂ ಉಂಟು. ವಿರಿಡಿಯನ್ ಕಾಡು ಇಲ್ಲ, ಬರೀ ಒಂದು ದಾರಿ. ಸಫಾರಿ ಜೋನ್ ಮುಚ್ಚಿದೆ. ಮೌಂಟ್ ಮೂನ್ ಗುಹೆ ಒಂದು ಕೋಣೆಯಷ್ಟಾಗಿದೆ. ಜಾಗ ಸಾಲದೆ ಕತ್ತರಿಸಿದ್ದು ಅಂತ ಇವತ್ತಿಗೆ ಗೊತ್ತು. ಆಡುವಾಗ ಹಾಗನ್ನಿಸುವುದಿಲ್ಲ. ಕಥೆಯಲ್ಲಿ ಮೂರು ವರ್ಷ ಕಳೆದಿದೆಯಲ್ಲ, ಹಾಳಾಗಿರಬೇಕು ಅನ್ನಿಸುತ್ತದೆ. ಚಿಕ್ಕವನಿದ್ದಾಗ ದೊಡ್ಡದಾಗಿ ಕಂಡಿದ್ದ ಅಜ್ಜಿ ಮನೆಯ ಹಿತ್ತಲು ಆಮೇಲೆ ಹೋದಾಗ ನಾಲ್ಕು ಹೆಜ್ಜೆ ಇರುತ್ತದಲ್ಲ, ಹಾಗೆ.

ಸಿನಬಾರ್ ದ್ವೀಪಕ್ಕೆ ಹೋದೆ. ಜ್ವಾಲಾಮುಖಿ ಸಿಡಿದು ಊರೇ ಇಲ್ಲ. ಪೊಕೆಮಾನ್ ಸೆಂಟರ್ ಒಂದು ಉಳಿದಿದೆ. ಅಲ್ಲಿದ್ದ ಗುರು ಬ್ಲೇನ್ ಪಕ್ಕದ ದ್ವೀಪದ ಗುಹೆಯಲ್ಲಿ ಅಂಗಡಿ ಹಾಕಿಕೊಂಡಿದ್ದಾನೆ. ಹಳೆಯ ಆಟದಲ್ಲಿ ನಮ್ಮನ್ನು ಹೆಜ್ಜೆ ಹೆಜ್ಜೆಗೂ ಹಂಗಿಸುತ್ತಿದ್ದ ಎದುರಾಳಿ ಬ್ಲೂ ಆ ಬೂದಿಯ ನೆಲದ ಮೇಲೆ ಒಬ್ಬನೇ ನಿಂತು ಯೋಚಿಸುತ್ತಿರುತ್ತಾನೆ. ಇನ್ನೊಬ್ಬ ಗುರು ಕೋಗಾ ಬಡ್ತಿ ಪಡೆದು ದೊಡ್ಡ ಸ್ಥಾನಕ್ಕೆ ಹೋಗಿದ್ದಾನೆ, ಅವನ ಜಾಗದಲ್ಲಿ ಮಗಳು ಜನೀನ್ ಕೂತಿದ್ದಾಳೆ. ಈ ಬದಲಾವಣೆಗಳನ್ನೆಲ್ಲ ಯಾರೂ ಕೂರಿಸಿಕೊಂಡು ವಿವರಿಸುವುದಿಲ್ಲ. ಹೋಗಿ ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನನ್ನನ್ನು ಕಲಕಿದ್ದು ಲ್ಯಾವೆಂಡರ್ ಟೌನ್. ಮೊದಲ ಆಟದಲ್ಲಿ ಅಲ್ಲೊಂದು ಗೋಪುರ. ಅಂತಸ್ತು ಅಂತಸ್ತಿನಲ್ಲೂ ಸತ್ತ ಪೊಕೆಮಾನ್‌ಗಳ ಗೋರಿ. ಆ ಊರಿನ ಸಂಗೀತ ಕೇಳಿದರೆ ಈಗಲೂ ಕುತ್ತಿಗೆ ತಣ್ಣಗಾಗುತ್ತದೆ. ಎರಡನೇ ಆಟದಲ್ಲಿ ಆ ಗೋಪುರ ರೇಡಿಯೋ ಸ್ಟೇಷನ್. ಒಳಗೆ ಹೋದರೆ ಮೇಜು ಕುರ್ಚಿ, ಹರಟೆ. ಗೋರಿಗಳು? ಪಕ್ಕದಲ್ಲಿ ಒಂದು ಸಣ್ಣ ಮನೆ ಇದೆ, ಅಲ್ಲಿಗೆ ಸಾಗಿಸಿದ್ದಾರೆ. ಮೊದಲ ಸಲ ಸಿಟ್ಟು ಬಂದಿತ್ತು. ಆಮೇಲೆ ನಮ್ಮೂರಿನ ಹಳೇ ಟಾಕೀಸು ಮದುವೆ ಹಾಲ್ ಆಯಿತು, ಅದರಲ್ಲೇ ನನ್ನ ಅಕ್ಕನ ಆರತಕ್ಷತೆಯೂ ಆಯಿತು. ಊಟ ಚೆನ್ನಾಗಿತ್ತು. ಪರದೆ ಇದ್ದ ಗೋಡೆಯ ಹತ್ತಿರ ಐಸ್‌ಕ್ರೀಮ್ ಇಟ್ಟಿದ್ದರು.

ತಪ್ಪುಗಳಿಲ್ಲವಾ? ಬೇಕಾದಷ್ಟಿವೆ. ಡಾರ್ಕ್ ಅಂತ ಹೊಸ ಜಾತಿ ತಂದು, ಅದರ ಒಳ್ಳೆಯ ಪ್ರಾಣಿ ಹೌಂಡೋರ್ ಹಿಡಿಯಬೇಕಾದರೆ ಜೋಟೊ ಮುಗಿಸಿ ಕಾಂಟೊಗೇ ಹೋಗಬೇಕು, ಅದೂ ರಾತ್ರಿ. ಅಷ್ಟೊತ್ತಿಗೆ ಅದು ಯಾರಿಗೆ ಬೇಕು? ಲೆವೆಲ್ ಲೆಕ್ಕವಂತೂ ಕೆಟ್ಟದು. ಲ್ಯಾನ್ಸ್‌ನ ದೊಡ್ಡ ಡ್ರಾಗನ್ 50. ಕೊನೆಯ ಬ್ಯಾಡ್ಜಿನ ಬ್ಲೂ ಹತ್ತಿರ 58. ಅದಾದ ಮೇಲೆ ಒಮ್ಮೆಲೇ 81. ನಡುವೆ ಮೆಟ್ಟಿಲೇ ಇಲ್ಲ.

ಆ 81 ಒಂದು ಪಿಕಾಚು. ಹದಿನಾರು ಬ್ಯಾಡ್ಜ್ ಆದಮೇಲೆ ಮೌಂಟ್ ಸಿಲ್ವರ್ ಅನ್ನುವ ಬೆಟ್ಟಕ್ಕೆ ಬಿಡುತ್ತಾರೆ. ಕತ್ತಲ ಗುಹೆ, ಕೊನೆಗೆ ಒಬ್ಬ ನಿಂತಿದ್ದಾನೆ. ಹೆಸರು ರೆಡ್. ಮೂರು ವರ್ಷದ ಹಿಂದೆ ಮೊದಲ ಆಟದಲ್ಲಿ ನೀವು ನಡೆಸಿದ ಹುಡುಗ. ಮಾತಾಡಿಸಿದರೆ ಪರದೆಯ ಮೇಲೆ ಬರೀ ಚುಕ್ಕೆ. ಅವನು ಮೊದಲ ಆಟದಲ್ಲೂ ಮಾತಾಡಿರಲಿಲ್ಲ, ಯಾಕೆಂದರೆ ಆಗ ಅವನ ಬಾಯಿ ನಾವೇ. ಸೋಲಿಸಿದರೆ ಮತ್ತೆ ಚುಕ್ಕೆ. ಪರದೆ ಕಪ್ಪಾಗಿ ಬೆಳಗಾಗುವಷ್ಟರಲ್ಲಿ ಅವನು ಇಲ್ಲ. ಹೆಸರುಗಳು ಎರಡನೇ ಸಲ ಮೇಲಕ್ಕೆ ಸರಿಯುತ್ತವೆ.

ನಾನು ಅವನನ್ನು ನೋಡಿದ್ದು ಕಾಲೇಜಿನಲ್ಲಿ, ಸ್ವಂತ ಕಂಪ್ಯೂಟರ್ ಬಂದಮೇಲೆ. ಫಾಸ್ಟ್ ಫಾರ್ವರ್ಡ್ ಒತ್ತಿ ಒತ್ತಿ ಮೂರು ದಿನದಲ್ಲಿ ಮುಗಿಸಿದೆ. ಲ್ಯಾಪ್ರಸ್ ನೆನಪೇ ಆಗಲಿಲ್ಲ.

2017ರಲ್ಲಿ ಒಸಾಕಾದಲ್ಲಿ ಕೆಲಸಕ್ಕಿದ್ದ ಗೆಳೆಯ ಊರಿಗೆ ಬಂದಾಗ ಎರಡು ವಸ್ತು ತಂದುಕೊಟ್ಟ. ಒಂದು ಹಳೆಯ ಗೇಮ್‌ಬಾಯ್ ಕಲರ್. ಇನ್ನೊಂದು ನಿಪ್ಪೊಂಬಾಶಿಯ ಡೆನ್‌ಡೆನ್ ಟೌನಿನ ಹಳೇ ಆಟಗಳ ಅಂಗಡಿಯಲ್ಲಿ ಹುಡುಕಿ ತೆಗೆದ ಪೊಕೆಮಾನ್ ಗೋಲ್ಡ್ ಕಾರ್ಟ್ರಿಡ್ಜ್. ಚಿನ್ನದ ಬಣ್ಣ, ಮೂಲೆ ಸವೆದದ್ದು. ಅದಕ್ಕೂ ಮುಂಚೆ ನಾನೇ ಆನ್‌ಲೈನಿನಲ್ಲಿ ಒಂದು ಕೊಂಡು ಮೋಸ ಹೋಗಿದ್ದೆ. ಅದು ನಕಲಿ, ಆಫ್ ಮಾಡಿದರೆ ಎಲ್ಲ ಮರೆಯುತ್ತಿತ್ತು. ಇದು ಅಸಲಿ. ಹಾಕಿ ಆನ್ ಮಾಡಿದರೆ ಒಳಗೆ ಯಾರದೋ ಸೇವ್ ಇನ್ನೂ ಬದುಕಿತ್ತು.

ಪೂರ್ತಿ ಜಪಾನಿ. ಒಂದಕ್ಷರ ಓದಲು ಬರುವುದಿಲ್ಲ. ಆದರೆ ಮೆನುವಿನಲ್ಲಿ ಯಾವುದು ಎಲ್ಲಿದೆ ಅಂತ ಬೆರಳಿಗೆ ಗೊತ್ತು. ಮೂರಕ್ಷರದ ಹೆಸರಿನ ಮಗು. ಹದಿನಾರು ಬ್ಯಾಡ್ಜ್. ನಿಂತಿರುವುದು ಮೌಂಟ್ ಸಿಲ್ವರಿನ ತಪ್ಪಲಿನಲ್ಲಿ. ಗುಹೆಗೆ ಹೋಗಿತ್ತೋ, ಸೋತು ವಾಪಸ್ ಬಂದು ಬಿಟ್ಟಿತ್ತೋ. ಪ್ರಾಣಿಗಳನ್ನು ಇಡುವ ಪೆಟ್ಟಿಗೆ ತೆರೆದು ನೋಡಿದೆ. ಎರಡನೇ ಪೆಟ್ಟಿಗೆಯಲ್ಲಿ ಒಂದು ಲ್ಯಾಪ್ರಸ್ ಇತ್ತು. ಲೆವೆಲ್ 20. ಹಿಡಿದಾಗ ಎಷ್ಟಿರುತ್ತದೋ ಅಷ್ಟೇ. ಯಾವುದೋ ಶುಕ್ರವಾರ ಹಿಡಿದು, ಒಳಗಿಟ್ಟು, ಮರೆತದ್ದು.

ಈ ಕಾರ್ಟ್ರಿಡ್ಜಿನ ಒಂದು ಗುಟ್ಟು ಹೇಳಬೇಕು. ಸೇವ್ ಇರುವುದು ಕರೆಂಟ್ ಇದ್ದರೆ ಮಾತ್ರ ನೆನಪಿಡುವ ಮೆಮೊರಿ ಚಿಪ್‌ನಲ್ಲಿ. ಅದಕ್ಕೆ ಒಂದು ನಾಣ್ಯದಂಥ ಸೆಲ್ಲು, ಸಿಆರ್2025. ಗಡಿಯಾರ ಓಡಿಸುವುದೂ ಅದೇ ಸೆಲ್ಲು. ಹಾಗಾಗಿ ಇದರ ಸೆಲ್ಲಿಗೆ ಎರಡು ಮನೆ ಸಾಕುವ ಕೆಲಸ. ಒಳಗೆ ಬೆಳಗು ರಾತ್ರಿ ಆದಷ್ಟೂ ನೆನಪಿನ ಆಯುಷ್ಯ ಸವೆಯುತ್ತದೆ. ಸೆಲ್ಲು ಬದಲಿಸಲು ಬಿಚ್ಚಿದರೆ ಸೇವ್ ಹೋಗುತ್ತದೆ. ಮೊದಲೇ ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಯಂತ್ರ ಸಿಗುತ್ತದೆ. ತರಿಸೋಣ ಅಂದುಕೊಂಡೆ. ಆ ತಿಂಗಳು ಬಾಡಿಗೆ ಅಡ್ವಾನ್ಸ್ ಇತ್ತು. ಆಮೇಲೆ ತರಿಸೋಣ ಅಂದುಕೊಂಡೆ. ವರ್ಷಕ್ಕೊಂದು ಸಲ ಆನ್ ಮಾಡಿ, ಇದೆಯಾ ಅಂತ ನೋಡಿ, ಆಫ್ ಮಾಡುತ್ತಿದ್ದೆ. ಆ ಮಗುವಿನ ಜಾಗದಿಂದ ಒಂದು ಹೆಜ್ಜೆ ಕೂಡ ಇಡಲಿಲ್ಲ.

ಕಳೆದ ತಿಂಗಳು ಆನ್ ಮಾಡಿದಾಗ ಮೆನುವಿನಲ್ಲಿ ಹಳೆಯ ಆಟ ಮುಂದುವರಿಸುವ ಮೇಲಿನ ಸಾಲು ಇರಲಿಲ್ಲ. ಹೊಸ ಆಟ ಅನ್ನುವುದು ಮಾತ್ರ.

ಎಂಟು ವರ್ಷಕ್ಕೆ ಮೇಲೆ ಕಾಪಾಡಿದ್ದು ಏನನ್ನು? ಒಂದು ಯಂತ್ರ ತರಿಸಲು ಆಗಲಿಲ್ಲ. ಅವತ್ತು ಊಟ ಸೇರಲಿಲ್ಲ ಅಂದರೆ ಮನೆಯವರು ನಗುತ್ತಾರೆ, ಅದಕ್ಕೇ ಹೇಳಲಿಲ್ಲ.

ಮುಂದಿನ ಶನಿವಾರ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಬರಿಯ ಸೆಲ್ಲಲ್ಲ, ಕಾಲು ಇರುವ ಸೆಲ್ಲು ಬೇಕು, ಬೆಸುಗೆ ಹಾಕಲು. ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಸ್ಕ್ರೂ ಮಾತ್ರ ನಿಂಟೆಂಡೊದ ಬೇರೆ ಥರದ್ದು, ಅದರ ತಿರುಪುಳಿ ಅಲ್ಲಿ ಯಾರ ಹತ್ತಿರವೂ ಇರಲಿಲ್ಲ. ಮನೆಗೆ ಬಂದು ಬಾಲ್‌ಪೆನ್ನಿನ ಹಿಂಭಾಗವನ್ನು ಲೈಟರಿನಲ್ಲಿ ಕಾಯಿಸಿ, ಮೆತ್ತಗಾದಾಗ ಸ್ಕ್ರೂ ತಲೆಯ ಮೇಲೆ ಒತ್ತಿ ಹಿಡಿದೆ. ತಣ್ಣಗಾದ ಮೇಲೆ ಅದೇ ತಿರುಪುಳಿ. ಮೂರನೇ ಸಲಕ್ಕೆ ತಿರುಗಿತು. ಒಳಗೆ ಸಣ್ಣ ಹಸಿರು ಹಲಗೆ, ಬಲಗಡೆ ಸೆಲ್ಲು, ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಿಬಣ್ಣದ ಕೊಳವೆ. ಅದೇ ಆ 32,768ರ ಸ್ಫಟಿಕ. ಹಳೆ ಸೆಲ್ಲನ್ನು ಬಿಡಿಸಿದೆ, ಹೊಸದಕ್ಕೆ ಬೆಸುಗೆ ಹಾಕಿದೆ. ಪ್ಲಸ್ಸು ಮೈನಸ್ಸು ಎರಡು ಸಲ ನೋಡಿದೆ. ಹಳೆಯದನ್ನು ಎಸೆಯಲಿಲ್ಲ, ಪೂಜಾ ಕಪಾಟಿನ ಕೆಳಗಿನ ಡ್ರಾಯರಿನಲ್ಲಿದೆ.

ಹೊಸ ಆಟ ಒತ್ತಿದೆ. ಮೊದಲು ಗಂಟೆ ಕೇಳುತ್ತದೆ. ಆಮೇಲೆ ಆಟದೊಳಗಿನ ಮನೆಯ ಮಹಡಿ ಇಳಿದರೆ ಅಮ್ಮ ನಿಲ್ಲಿಸಿ, ಕೈಗೆ ಪೊಕೆಗೇರ್ ಅನ್ನುವ ಗಡಿಯಾರದಂಥ ಯಂತ್ರ ಕೊಟ್ಟು, ಇವತ್ತು ಯಾವ ವಾರ ಅಂತ ಕೇಳುತ್ತಾಳೆ. ಉತ್ತರ ಜಪಾನಿಯಲ್ಲಿ ಆರಿಸಬೇಕು. ಒಸಾಕಾದ ಗೆಳೆಯನಿಗೆ ವಿಡಿಯೋ ಕಾಲ್ ಮಾಡಿದೆ. ಅವನು ಓದುತ್ತ ಹೋದ. ಮೊದಲನೆಯದು ಸೂರ್ಯನ ದಿನ. ಆಮೇಲೆ ಚಂದ್ರನ ದಿನ. ಆಮೇಲೆ ಬೆಂಕಿ, ಅಂದರೆ ಮಂಗಳ. ನೀರು, ಬುಧ. ಮರ, ಗುರು. ಚಿನ್ನ, ಶುಕ್ರ. ಮಣ್ಣು, ಶನಿ.

ತಡಿ ತಡಿ ಅಂದೆ. ಇದು ನಮ್ಮದೇ ಸಾಲಲ್ವಾ? ಭಾನು, ಸೋಮ, ಮಂಗಳ, ಬುಧ, ಗುರು, ಶುಕ್ರ, ಶನಿ. ಹೌದು ಮಾರಾಯ, ಇಲ್ಲಿ ಗ್ರಹಗಳಿಗೂ ಅದೇ ಹೆಸರು ಅಂದ. ಆಮೇಲೆ ಓದಿ ತಿಳಿದೆ. 9ನೇ ಶತಮಾನದ ಮೊದಲಲ್ಲಿ ಕೂಕಾಯ್ ಎಂಬ ಭಿಕ್ಷು ಚೀನಾದಿಂದ ಜಪಾನಿಗೆ ಒಂದು ಜ್ಯೋತಿಷದ ಗ್ರಂಥ ತಂದ. ಅದನ್ನು ಚೀನಿಯಲ್ಲಿ ಕೊಟ್ಟವನು ಅಮೋಘವಜ್ರ. ಈ ಏಳು ಗ್ರಹಗಳ ವಾರ ಅದರಲ್ಲಿತ್ತು. ಮತ್ತೊಂದು ಮಾತು ಗೆಳೆಯ ಹೇಳಿದ, ಶುಕ್ರವಾರದ ಆ ಚಿನ್ನ ಇದೆಯಲ್ಲ, ಕಿನ್, ನಿನ್ನ ಕಾರ್ಟ್ರಿಡ್ಜಿನ ಮೇಲೆ ದೊಡ್ಡದಾಗಿ ಬರೆದಿರುವುದೂ ಅದೇ ಅಕ್ಷರ. ಗೋಲ್ಡ್.

ಅವನು ಕಾಲ್ ಇಟ್ಟ. ಅಮ್ಮ ಇನ್ನೂ ಕೇಳುತ್ತ ನಿಂತಿದ್ದಳು. ವಾರ ಯಾವುದು ಅಂತ ನಾನು ಫೋನಿನಲ್ಲಿ ಇನ್ನೊಮ್ಮೆ ನೋಡಿಕೊಂಡೆ, ಬಾಣ ಒತ್ತುತ್ತ ಕೊನೆಯ ಹೆಸರಿನವರೆಗೂ ಹೋಗಿ, ಮಣ್ಣಿನ ದಿನವನ್ನು ಒತ್ತಿದೆ. ಶನಿವಾರ. ಲ್ಯಾಪ್ರಸ್‌ಗೆ ಇನ್ನು ಆರು ದಿನ. ಅಷ್ಟರೊಳಗೆ ಆ ಹಸುವನ್ನು ದಾಟಬೇಕು.